ಒಂದೂವರೆ ಮುದ್ದೆ ಹೊಗೆ

"ಬಿತ್ತು! ಬಿತ್ತು ನೋಡೋ ನಿಂಗರಾಜು!"

ನಮ್ಮ ಭಾವ ಚನ್ನಪ್ಪಾಜಿ ಕೂಗಿದ ಕೂಗಿಗೆ ಹಿತ್ತಲಿನ ನುಗ್ಗೆಮರದಲ್ಲಿದ್ದ ಕಾಗೆಗಳೆಲ್ಲ ಒಟ್ಟಿಗೆ ಎದ್ದು ಹಾರಿದವು. ನಾನು ಆಟೋ ಆಫ್ ಮಾಡಿ ಹಿಂದಕ್ಕೆ ಓಡಿಬಂದು ನೋಡಿದೆ. ಸ್ಟೀಲ್ ಬೇಸಿನ್ನಿನ ನಡುವೆ ಕಪ್ಪಗೆ, ದುಂಡಗೆ, ಮಿರಮಿರ ಮಿಂಚುತ್ತ ಒಂದು ಮುದ್ದೆ ಕೂತಿತ್ತು. ರಾಗಿ ಮುದ್ದೆಯಲ್ಲ ಸ್ವಾಮಿ, ನನ್ನ ಆಟೋ ಬಿಟ್ಟ ಹೊಗೆಯ ಮುದ್ದೆ!

"ಹೆಂಗದೆ?" ಎಂದು ಭಾವ ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು ನಿಂತರು.

ಹೇಗಿದೆ ಅಂತ ಏನು ಹೇಳಲಿ? ಆಟೋದ ಸೈಲೆನ್ಸರಿಗೆ ಒಂದು ದಪ್ಪ ರಬ್ಬರ್ ಪೈಪು. ಪೈಪಿನ ಆಚೆ ತುದಿಗೆ ಅವರಮ್ಮನ ಕಾಲದ ವೆಟ್ ಗ್ರೈಂಡರು. ಅದರ ನೆತ್ತಿಯ ಮೇಲೆ ಪ್ರೆಷರ್ ಕುಕ್ಕರಿನ ಮುಚ್ಚಳ, ಹೊಟ್ಟೆಯೊಳಗೆ ಗಿರಗಿರ ತಿರುಗುವ ಎರಡು ಮುದ್ದೆ ಕೋಲು, ಮಧ್ಯೆ ಅದೇನೋ ನೀಲಿ ಬೆಳಕು. ಭಾವ ಪಾಲಿಟೆಕ್ನಿಕ್ಕಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಮೂವತ್ತು ವರ್ಷ ಗಾಜಿನ ನಳಿಕೆ ತೊಳೆದು ರಿಟೈರಾದವರು. ತೊಳೆಯುವಾಗ ಕಣ್ಣು ಕಿವಿ ತೆರೆದುಕೊಂಡಿದ್ದರಂತೆ, ಹಾಗಾಗಿ ಈಗ ನಮಗೆಲ್ಲ ಈ ಕಾಟ. ಹೋದ ವರ್ಷ ಕಬ್ಬಿನ ಸಿಪ್ಪೆಯಲ್ಲಿ ಛತ್ರಿ ಮಾಡಿದ್ದರು. ಮೊದಲನೇ ಮಳೆ ಬರುವ ಹೊತ್ತಿಗೆ ಇರುವೆಗಳು ಅದನ್ನು ಹೊತ್ತುಕೊಂಡು ಹೋಗಿದ್ದವು!

"ಹೊಗೆಯೊಳಗೆ ಇಂಗಾಲ ಇರ್ತದೆ ಕಣಪ್ಪ. ಕಣ್ಣಿಗೆ ಕಾಣಲ್ಲ ಅಂತ ನಾವು ಇಲ್ಲ ಅನ್ಕೋತೀವಿ. ನನ್ನ ಮಿಷನ್ನು ಅದನ್ನ ಹಿಡಿದು, ಆಮ್ಲಜನಕನ ಬೇರೆ ಮಾಡಿ ಆಚೆಗೆ ಬಿಟ್ಟು, ಉಳಿದ ಇದ್ದಿಲನ್ನ ತಿರುವಿ ತಿರುವಿ ಮುದ್ದೆ ಕಟ್ತದೆ. ಎಷ್ಟು ಹೊಗೆಯೋ ಅಷ್ಟು ಮುದ್ದೆ!"

"ಅದ್ಯಾಕೆ ಭಾವ ಮುದ್ದೆ?"

"ಗ್ರಾಂ ಅಂದ್ರೆ ನಿಂಗೆ ಅರ್ಥ ಆಯ್ತದಾ? ಪಿಪಿಎಂ ಅಂದ್ರೆ? ಮಂಡ್ಯದೋನಿಗೆ ಮುದ್ದೆ ಲೆಕ್ಕ ಹೇಳು, ನಿದ್ದೇಲಿ ಎಬ್ಬಿಸಿ ಕೇಳಿದ್ರೂ ತಪ್ಪಲ್ಲ. ಇದರ ಹೆಸರು ಧೂಮಪಿಂಡ ಯಂತ್ರ!"

ಅಷ್ಟರಲ್ಲಿ ಅಡುಗೆಮನೆಯಿಂದ ನನ್ನ ಹೆಂಡತಿ ಜಯಶೀಲ ಸೌಟು ಹಿಡಿದುಕೊಂಡೇ ಬಂದಳು. ಭಾವ ಅವಳ ಒಡಹುಟ್ಟಿದ ಅಣ್ಣ. ನಮ್ಮ ಮನೆ ಅವರ ಮನೆ ಎರಡಕ್ಕೂ ಒಂದೇ ಹಿತ್ತಲು.

"ಪಿಂಡ ಅಂತೆ ಪಿಂಡ! ಬಾಯಲ್ಲಿ ಒಳ್ಳೇ ಮಾತೇ ಬರಲ್ವಾ ಅಣ್ಣ ನಿಂಗೆ? ನಮ್ಮ ಗಾಡಿಗೆ ತಿಥಿ ಮಾಡ್ತೀಯಾ?"

"ಸರಿ ಬುಡವ್ವ. ಹೊಗೆಮುದ್ದೆ ಮಿಷನ್ನು."

"ಹಂಗನ್ನು!"

ನನಗೆ ಹೆಸರು ಏನಾದರೇನು? ಶನಿವಾರದೊಳಗೆ ಅದು ಕೆಲಸ ಮಾಡಿದರೆ ಸಾಕಾಗಿತ್ತು. ಯಾಕೆಂದರೆ ಶನಿವಾರ ನನ್ನ ಹಣೆಬರಹ ತೀರ್ಮಾನವಾಗುವುದಿತ್ತು. ಬೆಳ್ಳಿಚುಕ್ಕಿ ಶಾಲೆಗೆ ನಮ್ಮ ಬಡಾವಣೆಯಿಂದ ಆರು ಮಕ್ಕಳನ್ನು ಏಳು ವರ್ಷದಿಂದ ನಾನೇ ಕರೆದುಕೊಂಡು ಹೋಗುತ್ತಿದ್ದೇನೆ. ಅಳುತ್ತ ನನ್ನ ಆಟೋ ಹತ್ತಿದ ಒಂದು ಹುಡುಗಿ ಈಗ ಮೂರನೇ ಕ್ಲಾಸು, ದಾರಿಯುದ್ದಕ್ಕೂ ನನಗೇ ಮಗ್ಗಿ ಹೇಳಿಕೊಡುತ್ತಾಳೆ. ಹದಿಮೂರರ ಮಗ್ಗಿ ತಪ್ಪಿದರೆ ಬೈಯುತ್ತಾಳೆ ಕೂಡ! ಆ ಟ್ರಿಪ್ಪೇ ನನ್ನ ಮನೆಯ ಅನ್ನ, ಆ ಮಕ್ಕಳೇ ನನ್ನ ಬೆಳಗು.

ಹೋದ ತಿಂಗಳು ಒಬ್ಬ ತಾಯಿ ಶಾಲೆಗೆ ಹೋಗಿ, ನಿಂಗರಾಜುವಿನ ಆಟೋದಲ್ಲಿ ಗ್ಯಾಸ್ ವಾಸನೆ ಬರುತ್ತೆ, ಮಕ್ಕಳು ವಿಷ ಕುಡಿಯುತ್ತಿದ್ದಾರೆ ಅಂದುಬಿಟ್ಟಳು. ಸುಳ್ಳಲ್ಲ, ಒಂದು ದಿನ ಬಂದಿತ್ತು. ಪೈಪಿನ ವಾಷರ್ ಸವೆದಿತ್ತು. ಅವತ್ತೇ ಮೆಕ್ಯಾನಿಕ್ ಹತ್ತಿರ ಹೊಸದು ಹಾಕಿಸಿದೆ. ಆದರೆ ಮಾತು ಬಾಯಿಂದ ಬಾಯಿಗೆ ಬೆಳೆಯಿತು. ನಾನು ಅಡುಗೆ ಸಿಲಿಂಡರ್ ಕಟ್ಟಿಕೊಂಡು ಓಡಾಡುತ್ತೇನೆ ಅನ್ನುವ ತನಕ ಬಂತು! ಪೋಷಕರ ಸಮಿತಿಯವರು ಗ್ಯಾಸ್ ಆಟೋ ಬೇಡ, ಷಣ್ಮುಖನ ಪೆಟ್ರೋಲ್ ವ್ಯಾನ್ ಇಡೋಣ ಎಂದು ಶುರುಮಾಡಿದರು. ವ್ಯಾನಿಗೆ ವಾಸನೆ ಇಲ್ಲವಂತೆ!

"ವಾಸನೆ ಇರೋದೇ ಒಳ್ಳೇದು ಕಣೋ" ಎಂದು ಭಾವ ಅವತ್ತು ಟೇಬಲ್ ಕುಟ್ಟಿದ್ದರು. "ಗ್ಯಾಸಿಗೆ ಹುಟ್ಟಾ ವಾಸನೆ ಇಲ್ಲ. ಸೋರಿದ್ರೆ ಗೊತ್ತಾಗ್ಲಿ ಅಂತ ಬೇಕಂತಲೇ ಬೆರೆಸ್ತಾರೆ. ಪೆಟ್ರೋಲ್ ಹೊಗೇಲಿ ಬರೋ ಕಾರ್ಬನ್ ಮಾನಾಕ್ಸೈಡಿಗೆ ವಾಸನೇನೇ ಇಲ್ಲ, ಅದು ಕಳ್ಳ! ಮೂಗು ನಂಬಿ ಮೋಸ ಹೋಗ್ತಾವ್ರೆ. ಕಣ್ಣಿಗೆ ತೋರಿಸ್ತೀನಿ ತಡಿ."

ಹಾಗೆ ಹುಟ್ಟಿದ್ದು ಈ ಮಿಷನ್ನು. ನನ್ನ ಆಟೋಗೆ ಗ್ಯಾಸ್ ಟ್ಯಾಂಕೂ ಇದೆ, ಸಣ್ಣದೊಂದು ಪೆಟ್ರೋಲ್ ಟ್ಯಾಂಕೂ ಇದೆ, ಸೀಟಿನ ಕೆಳಗೆ ಸ್ವಿಚ್ಚು. ಅದೇ ಗಾಡಿ, ಅದೇ ಎಂಜಿನ್ನು, ಅದೇ ರಸ್ತೆ. ಒಂದು ಸಲ ಪೆಟ್ರೋಲಿನಲ್ಲಿ ಓಡಿಸುವುದು, ಒಂದು ಸಲ ಗ್ಯಾಸಿನಲ್ಲಿ ಓಡಿಸುವುದು, ಮುದ್ದೆ ಎಣಿಸುವುದು.

"ಆದ್ರೆ ಭಾವ, ಲೀಟರ್ ಲೆಕ್ಕದಲ್ಲಿ ಗ್ಯಾಸೇ ಜಾಸ್ತಿ ಕುಡೀತದೆ ಗಾಡಿ" ಎಂದು ನನ್ನ ಅನುಮಾನ ಹೇಳಿದೆ.

"ಕುಡೀಲಿ! ಗ್ಯಾಸು ಹಗುರ, ಇಂಗಾಲ ಕಮ್ಮಿ. ಜಾಸ್ತಿ ಕುಡಿದ್ರೂ ಕಿಲೋಮೀಟರಿಗೆ ಹೊಗೆ ಕಮ್ಮೀನೇ ಬರ್ತದೆ. ಕಮ್ಮಿ ಅಂದ್ರೆ ಅರ್ಧಕ್ಕರ್ಧ ಅಲ್ಲ ಮತ್ತೆ, ಹತ್ತಕ್ಕೆ ಒಂದು, ಒಂದೂವರೆ. ಹಂಗಂತ ಆಸೆ ಇಟ್ಕೋ."

ಒಂದೂವರೆ! ಏಳು ವರ್ಷದ ನನ್ನ ಜೀವನ ಒಂದೂವರೆ ಮುದ್ದೆಯ ಮೇಲೆ ನಿಂತಿತ್ತು ನೋಡಿ.

ಮಾತಾಡುತ್ತಿರುವಾಗಲೇ ದೊಪ್ ಎಂದು ಸದ್ದಾಯಿತು. ಬೇಸಿನ್ನಿನಲ್ಲಿ ಇನ್ನೊಂದು ಮುದ್ದೆ!

"ಆಟೋ ಆಫ್ ಮಾಡಿದ್ದೀನಲ್ಲ ಭಾವ?"

ಭಾವ ತಲೆ ಕೆರೆದುಕೊಂಡರು. ಮಿಷನ್ನಿನ ಪೈಪು ಸೈಲೆನ್ಸರಿನಿಂದ ಕಳಚಿಕೊಂಡು, ಅಡುಗೆಮನೆ ಕಿಟಕಿಯ ಕಡೆಗೆ ಮೂಗು ಮಾಡಿ ನಿಂತಿತ್ತು. ಜಯಶೀಲ ಒಗ್ಗರಣೆಗೆ ಇಟ್ಟು ಬಂದ ಮೆಣಸಿನಕಾಯಿ ಒಳಗೆ ಸುಟ್ಟು ಕರಕಾಗಿ, ಆ ಹೊಗೆಯನ್ನೆಲ್ಲ ಅದು ಎಳೆದುಕೊಂಡಿತ್ತು! ಆಮೇಲೆ ಪಕ್ಕದ ಮನೆಯ ಊದುಬತ್ತಿಯ ಹೊಗೆ ಬಂತು, ಗೋಲಿ ಗಾತ್ರದ್ದೊಂದು ಬಿತ್ತು. ಗೋಡೆಯಾಚೆ ಯಾರೋ ಬೀಡಿ ಸೇದುತ್ತಿದ್ದರು, ಅದಕ್ಕೂ ಒಂದು ಬಿತ್ತು. ಬೀಡಿಯವನು ಆಚೆಯಿಂದ "ಯಾವನ್ಲಾ ನನ್ನ ಹೊಗೆ ಕದಿಯೋನು?" ಎಂದು ಕೂಗಿದ!

"ಏನಣ್ಣ ಇದು! ಮಿಷನ್ನಾ, ಪಕ್ಕದ ಮನೆಗೆ ಇಣುಕೋ ಚಾಳಿನಾ?" ಎಂದು ಜಯಶೀಲ ಗದರಿದಳು. "ನಾನು ಅವಾಗ್ಲೇ ಅಂದೆ, ಇವನ ಕೈಗೆ ಗಾಡಿ ಕೊಡಬೇಡಿ ಅಂತ. ಕೇಳಿದ್ರಾ? ನಮ್ಮ ಒಗ್ಗರಣೆ ಹೋಯ್ತು, ಮೆಣಸಿನಕಾಯಿ ಹೋಯ್ತು, ಇನ್ನು ಮಕ್ಕಳ ಟ್ರಿಪ್ಪೂ ಹೋದ್ರೆ..."

ಪೈಪು ಮೆಲ್ಲಗೆ ಅವಳ ಬಾಯಿಯ ಕಡೆಗೆ ತಿರುಗಿತು. ದೊಪ್! ನಿಂಬೆಹಣ್ಣಿನಷ್ಟು ಒಂದು ಮುದ್ದೆ.

"ಉಸಿರು!" ಎಂದು ಭಾವ ಕುಣಿದಾಡಿದರು. "ಉಸಿರಲ್ಲೂ ಇಂಗಾಲ ಇರ್ತದೆ! ನೀನು ಬೈದಿದ್ದು ಇಷ್ಟು ಕಣವ್ವ!"

"ಇಷ್ಟೇನಾ?" ಎಂದಳು ಜಯಶೀಲ. ಅವಳಿಗೆ ನಿಜವಾಗಿ ಬೇಜಾರಾಗಿತ್ತು. "ನಾನು ಇನ್ನೂ ಶುರುವೇ ಮಾಡಿರಲಿಲ್ಲ!"

ಅಣ್ಣ ತಂಗಿ ಇಬ್ಬರೂ ಅರ್ಧ ಗಂಟೆ ಜಗಳವಾಡಿದರು. ಕೊನೆಗೆ ಎಣಿಸಿ ನೋಡಿದರೆ ಭಾವನದೇ ಒಂದು ಮುದ್ದೆ ಜಾಸ್ತಿ. ಜಾಸ್ತಿ ಬೈದದ್ದು ಅಣ್ಣನೇ ಅಂತ ರುಜುವಾತಾಯಿತೆಂದು ಜಯಶೀಲ ಗೆದ್ದವಳ ಹಾಗೆ ಸೌಟು ಎತ್ತಿಕೊಂಡು ಒಳಗೆ ಹೋದಳು. ಭಾವ ಪೈಪಿನ ಬಾಯಿಗೆ ಸೈಕಲ್ ಟ್ಯೂಬ್ ಸುತ್ತಿ, ಕುಕ್ಕರಿನ ಗ್ಯಾಸ್ಕೆಟ್ ಹಾಕಿ, ಸೈಲೆನ್ಸರ್ ಬಿಟ್ಟು ಆಚೀಚೆ ಉಸಿರೂ ಎಳೆಯದ ಹಾಗೆ ಬಿಗಿ ಮಾಡಿದರು. ಎರಡು ದಿನ ಪರೀಕ್ಷೆ ಮಾಡಿದೆವು. ಸರಿಯಾಗಿತ್ತು.

ಶನಿವಾರ ಬೆಳಿಗ್ಗೆ ಹತ್ತೂವರೆಗೆ ಶಾಲೆಯ ಜಗುಲಿಯ ಮುಂದೆ ಆಟೋ ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಮಿಷನ್ನು, ಮಿಷನ್ನಿನ ಪಕ್ಕ ಭಾವ. ಜಯಶೀಲ ಸಮಿತಿಯವರಿಗೆಂದು ಮನೆಯಿಂದಲೇ ಮುದ್ದೆ ಉಪ್ಸಾರು ಮಾಡಿಕೊಂಡು ತಂದಿದ್ದಳು. ಉಂಡವರ ಮನಸ್ಸು ಸ್ವಲ್ಪ ಮೆತ್ತಗಾಗುತ್ತೆ ಅನ್ನುವುದು ಅವಳ ಲೆಕ್ಕಾಚಾರ.

ಹೆಡ್ಮಿಸ್ ವಿಮಲಾಕ್ಷಿ ಮೇಡಂ ಒಳ್ಳೆಯವರು, ಮಾತು ಕಡಿಮೆ, ಕನ್ನಡಕದ ಮೇಲಿಂದ ನೋಡುತ್ತಾರೆ. ಆದರೆ ತೀರ್ಮಾನ ಅವರ ಕೈಯಲ್ಲಿರಲಿಲ್ಲ. ಅದು ಇದ್ದದ್ದು ಸಮಿತಿಯ ಅಧ್ಯಕ್ಷರಾದ ಹಲಗೇಗೌಡರ ಕೈಯಲ್ಲಿ. ಗೌಡರು ಗೇಟಿನೊಳಗೆ ಕಾಲಿಡುವ ಮೊದಲೇ ಅವರ ತೇಗು ಒಳಗೆ ಬಂತು.

"ಗ್ಯಾಸ್ ಗಾಡಿ ಅಂತೆ ಗ್ಯಾಸ್ ಗಾಡಿ! ಇಪ್ಪತ್ತು ವರ್ಷದಿಂದ ನಾನೇ ಹೊಟ್ಟೇಲಿ ಗ್ಯಾಸ್ ಹೊತ್ಕೊಂಡು ತಿರುಗ್ತಾ ಇವ್ನಿ. ಅದರ ಕಷ್ಟ ನಂಗೆ ಗೊತ್ತು. ಆ ಹೆಸರು ಎತ್ತಬೇಡ ನನ್ನ ಮುಂದೆ!"

"ಗೌಡ್ರೇ, ಆ ಗ್ಯಾಸ್ ಬೇರೆ, ಈ ಗ್ಯಾಸ್ ಬೇರೆ" ಎಂದರು ಭಾವ.

"ಎಲ್ಲಾ ಒಂದೇ ಕಣಯ್ಯ! ಒಳಗಿದ್ರೂ ಕಷ್ಟ, ಆಚೆ ಬಂದ್ರೂ ಕಷ್ಟ!"

ವಿಮಲಾಕ್ಷಿ ಮೇಡಂ ಮುಖ ಆಚೆ ತಿರುಗಿಸಿಕೊಂಡು ನಕ್ಕರು. ಆಮೇಲೆ ಷರತ್ತು ಹೇಳಿದರು. ಶಾಲೆಯಿಂದ ನೀರಿನ ಟ್ಯಾಂಕಿನ ತನಕ ಹೋಗಿ ಬರುವುದು ಒಂದು ಸುತ್ತು. ಪೆಟ್ರೋಲಿನಲ್ಲಿ ಹತ್ತು ಸುತ್ತು, ಗ್ಯಾಸಿನಲ್ಲಿ ಹತ್ತು ಸುತ್ತು. ಗ್ಯಾಸಿನ ಮುದ್ದೆ ಕಮ್ಮಿ ಬಂದರೆ ಮಕ್ಕಳು ನನ್ನ ಆಟೋದಲ್ಲೇ. ಸಮ ಬಂದರೆ, ಅಥವಾ ಜಾಸ್ತಿ ಬಂದರೆ, ಸೋಮವಾರದಿಂದ ವ್ಯಾನು.

ಪೆಟ್ರೋಲಿನ ಹತ್ತು ಸುತ್ತು ಹೊಡೆದೆ. ಭಾವ ಹಿಂದಿನಿಂದ "ಒಂದು! ಎರಡು!" ಎಂದು ಕೂಗುತ್ತ ಹೋದರು. ರಸ್ತೆಯಲ್ಲಿದ್ದವರೆಲ್ಲ ಇವರಿಗೇನೋ ಆಗಿದೆ ಅಂತ ದಾರಿ ಬಿಟ್ಟರು. ಸರಿಯಾಗಿ ಹತ್ತು ಮುದ್ದೆ ಬಿತ್ತು. ವಿಮಲಾಕ್ಷಿ ಮೇಡಂ ಬಂದು ಎಣಿಸಿ ಕಾಗದದಲ್ಲಿ ಬರೆದುಕೊಳ್ಳಬೇಕು ಅನ್ನುವಷ್ಟರಲ್ಲಿ ಅವರಿಗೆ ಫೋನ್ ಬಂತು, ಒಳಗೆ ಹೋದರು. ಮುದ್ದೆ ಒಣಗಿದರೆ ಪುಡಿಯಾಗಿ ಹಾರಿಹೋಗುತ್ತದೆ ಎಂದು ಭಾವ ಬೇಸಿನ್ನಿನ ಮೇಲೆ ಒದ್ದೆ ಬಿಳಿ ಬಟ್ಟೆ ಮುಚ್ಚಿ ಜಗುಲಿಯ ಬೆಂಚಿನ ಮೇಲಿಟ್ಟರು. ಅದೇ ಬೆಂಚಿನ ಆ ತುದಿಯಲ್ಲಿ ಜಯಶೀಲಳ ರಾಗಿ ಮುದ್ದೆಯ ಬೇಸಿನ್ನಿತ್ತು. ಅದಕ್ಕೂ ಒದ್ದೆ ಬಿಳಿ ಬಟ್ಟೆ ಮುಚ್ಚಿತ್ತು. ಎರಡು ಬೇಸಿನ್ನೂ ನಮ್ಮ ಮದುವೆಗೆ ಬಂದ ಜೋಡಿ.

ಆಮೇಲೆ ಮಿಷನ್ನಿನ ಕೆಳಗೆ ಬೇರೊಂದು ಬೇಸಿನ್ ಇಟ್ಟು, ಸ್ವಿಚ್ಚು ಒತ್ತಿ ಗ್ಯಾಸಿಗೆ ಹಾಕಿದೆ. ನಾಲ್ಕನೇ ಸುತ್ತಿಗೆ ಮೂರು ಮುದ್ದೆ ಆಗಿ ನಾಲ್ಕನೆಯದು ಇನ್ನೂ ಕಟ್ಟುತ್ತಿತ್ತು. ಏಳನೇ ಸುತ್ತಿನಲ್ಲಿ ಭಾವ ಹಿಂದಿನಿಂದ ಗೋಳಿಟ್ಟರು.

"ಬರ್ತಾ ಇಲ್ವಲ್ಲೋ! ಟ್ಯಾಂಕ್ ದಾಟಿದ್ರೂ ಮುದ್ದೆ ಬೀಳ್ತಾ ಇಲ್ವಲ್ಲೋ!"

"ಬೀಳದೆ ಇದ್ರೆ ಸಂತೋಷ ಪಡಿ ಭಾವ! ಅದಕ್ಕೇ ತಾನೇ ಬಂದಿರೋದು!"

"ಹೌದಲ್ವಾ!" ಎಂದು ಅವರು ಅಲ್ಲೇ ಚಪ್ಪಾಳೆ ತಟ್ಟಿದರು. ಮಿಷನ್ನು ಮಾಡಿದವನಿಗೆ ಅದು ಕೆಲಸ ಮಾಡದೆ ಇದ್ದರೆ ಸಂಕಟ, ಅದು ಯಾವ ಕಾರಣಕ್ಕೇ ಆಗಲಿ.

ಹತ್ತು ಸುತ್ತಿಗೆ ಎಂಟೂವರೆ ಮುದ್ದೆ. ಎಂಟು ಇಡೀ, ಒಂದು ಅರ್ಧ! ನನಗೆ ಕೂಗಿಬಿಡಬೇಕು ಅನ್ನಿಸಿತು, ಕೂಗಿಯೂ ಬಿಟ್ಟೆ. ಆಟೋವನ್ನು ಜಗುಲಿಯ ಮೆಟ್ಟಿಲ ತನಕ ತಂದು ನಿಲ್ಲಿಸಿ, ಬೇಸಿನ್ ಎತ್ತಿಕೊಂಡು ಓಡಿದೆ. ವಿಮಲಾಕ್ಷಿ ಮೇಡಂ ಪೆಟ್ರೋಲಿನ ಬೇಸಿನ್ನಿನ ಬಟ್ಟೆ ತೆಗೆದು ಬೆರಳಿಟ್ಟು ಎಣಿಸಿದರು. ಎಣಿಸಿ, ಕನ್ನಡಕ ಸರಿಮಾಡಿಕೊಂಡು ಮತ್ತೆ ಎಣಿಸಿದರು.

"ಎಂಟೂವರೆ" ಎಂದರು.

"ಯಾವುದು ಮೇಡಂ?"

"ಪೆಟ್ರೋಲೂ ಎಂಟೂವರೆ. ಗ್ಯಾಸೂ ಎಂಟೂವರೆ. ಸಮ."

ಭಾವ "ಹತ್ತಿತ್ತು! ನಾನೇ ಎಣಿಸಿದ್ದೀನಿ, ಹತ್ತಿತ್ತು!" ಎಂದು ಎಗರಾಡಿದರು. ನಾನೂ ಹೌದು ಹೌದು ಅಂದೆ. ನಮ್ಮಿಬ್ಬರ ಮಾತು ಬಿಟ್ಟರೆ ನಮಗೆ ಯಾವ ಸಾಕ್ಷಿ? ಆ ಮಗ್ಗಿ ಹುಡುಗಿ ಸೋಮವಾರ ವ್ಯಾನಿನಲ್ಲಿ ಕೂತು ಷಣ್ಮುಖನಿಗೆ ಹದಿಮೂರರ ಮಗ್ಗಿ ಹೇಳಿಕೊಡುವುದು ಕಣ್ಣ ಮುಂದೆ ಬಂತು. ಹೊಟ್ಟೆ ಉರಿದುಹೋಯಿತು.

"ಸಮ ಅಂದ್ರೆ ಸಮ. ವ್ಯಾನ್ ಇರ್ಲಿ ಬುಡಿ" ಎಂದರು ಹಲಗೇಗೌಡರು, ಬೆಂಚಿನ ಮೇಲೆ ಆರಾಮಾಗಿ ಕೂತು ಟವಲಿನಲ್ಲಿ ಬಾಯಿ ಒರೆಸಿಕೊಳ್ಳುತ್ತ. "ಏನವ್ವ ಜಯಶೀಲ, ಉಪ್ಸಾರು ಬಲು ಚೆನ್ನಾಗಿತ್ತು. ಕಾರ ಸರಿಯಾಗಿತ್ತು. ಹೊತ್ತಾಗಿ ಹಸಿವು ತಡೀನಿಲ್ಲ, ನೀವೆಲ್ಲ ಗಾಡಿ ನೋಡ್ತಾ ಇದ್ರಿ, ನಾನೇ ಬಡಿಸ್ಕೊಂಡು ಉಂಡುಬುಟ್ಟೆ. ಹಿಟ್ಟು ಮಾತ್ರ ವಸಿ ಸೀದಂಗಿತ್ತು ನೋಡು."

"ನನ್ನ ಮುದ್ದೆ ಸೀದಿತ್ತಾ?" ಜಯಶೀಲಳ ಧ್ವನಿ ಏರಿತು. ಮುದ್ದೆಗೆ ಹೆಸರಿಟ್ಟರೆ ಅವಳು ಅಧ್ಯಕ್ಷರನ್ನೂ ಬಿಡುವವಳಲ್ಲ. ಸರಕ್ಕನೆ ತನ್ನ ಬೇಸಿನ್ನಿನ ಬಟ್ಟೆ ಎಳೆದಳು. "ಹನ್ನೆರಡು ಕಟ್ಟಿಕೊಂಡು ಬಂದಿದ್ದೆ. ಒಂದು, ಎರಡು, ಮೂರು..."

ಎಣಿಸುತ್ತ ಎಣಿಸುತ್ತ ಅವಳ ಧ್ವನಿ ಇಳಿಯಿತು.

"...ಹನ್ನೆರಡು. ಹನ್ನೆರಡೂ ಇಲ್ಲೇ ಅವೆ! ಗೌಡ್ರೇ, ನೀವು ಎಷ್ಟು ಉಂಡ್ರಿ?"

"ಒಂದೂವರೆ ಕಣವ್ವ. ಡಾಕ್ಟ್ರು ಅದಕ್ಕಿಂತ ಮೇಲೆ ಮುಟ್ಟಬೇಡಿ ಅಂದವ್ರೆ. ಇನ್ನರ್ಧ ಮುರಿದು ಅಲ್ಲೇ ಮಡಗಿವ್ನಿ, ನೋಡು."

ನಾವೆಲ್ಲ ಒಟ್ಟಿಗೆ ಅವರ ಬಾಯಿ ನೋಡಿದೆವು.

"ಗೌಡ್ರೇ, ವಸಿ ಬಾಯಿ ಬಿಡಿ" ಎಂದರು ಭಾವ.

ಬಿಟ್ಟರು. ಹಲ್ಲು ಕಪ್ಪು, ನಾಲಿಗೆ ಕಪ್ಪು, ಅಂಗುಳ ಕಪ್ಪು! ಹಂಡೆ ಒಲೆಯ ಬಾಯಿ ನೋಡಿದ ಹಾಗಾಯಿತು.

"ನೀವು ಉಂಡಿದ್ದು ಪೆಟ್ರೋಲ್ ಹೊಗೆ ಗೌಡ್ರೇ! ಒಂದೂವರೆ ಮುದ್ದೆ ಹೊಗೆ!" ಎಂದು ಭಾವ ಕೂಗಿದರು.

ಗೌಡರ ಕಣ್ಣು ಮೇಲೆ ಹೋದವು. "ಅಯ್ಯಯ್ಯೋ ಶಿವನೇ!"

"ಬಾಯಿಗೆ ಹಾಕಿದಾಗ ಗೊತ್ತಾಗಲಿಲ್ವಾ?" ಎಂದು ಮೇಡಂ ಗಾಬರಿಯಲ್ಲಿ ಕೇಳಿದರು. "ಅಗಿಯುವಾಗಲಾದರೂ?"

ಸಾಯುವ ಹೆದರಿಕೆಯಲ್ಲೂ ಗೌಡರಿಗೆ ಅವಮಾನವಾಯಿತು. "ಅಗಿಯೋದಾ? ಮುದ್ದೆ ಅಗಿಯಕ್ಕೆ ನಾನೇನು ಬೆಂಗಳೂರಿನೋನಾ ಮೇಡಮ್ಮೋರೇ? ಮುರಿದು, ಸಾರಲ್ಲಿ ಅದ್ದಿ, ನುಂಗೋದು!"

ಷಣ್ಮುಖ ಆ ಹೊತ್ತಿಗೆ ವ್ಯಾನ್ ತೆಗೆದುಕೊಂಡು ಎಲ್ಲೋ ಹೋಗಿದ್ದ. ಗೌಡರನ್ನು ನಾನು, ಭಾವ ಇಬ್ಬರೂ ಹಿಡಿದು ಗ್ಯಾಸ್ ಆಟೋದಲ್ಲೇ ಕೂರಿಸಿಕೊಂಡು ಆಸ್ಪತ್ರೆಗೆ ಹಾರಿಸಿದೆವು. ದಾರಿಯುದ್ದಕ್ಕೂ ಅವರು, "ಸತ್ತರೆ ನಿಮ್ಮಿಬ್ಬರನ್ನೂ ಬುಡಲ್ಲ" ಎಂದು ಬೆದರಿಸುತ್ತಿದ್ದರು. ಭಾವ ಮಾತ್ರ, ಭಯ ಪಡಬೇಡಿ, ಅದರಲ್ಲಿರೋದು ಅಪ್ಪಟ ಇದ್ದಿಲು, ಬೇರೆ ವಿಷವನ್ನೆಲ್ಲ ಮಿಷನ್ನು ಬೇರೆ ಡಬ್ಬಿಗೆ ತೆಗೀತದೆ ಎಂದು ಪಾಠ ಹೇಳುತ್ತಿದ್ದರು.

ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, ನಾಲಿಗೆ ನೋಡಿ, ಭಾವನ ವಿವರಣೆ ಪೂರ್ತಿ ಕೇಳಿ, ನಾಲಿಗೆಯನ್ನು ಇನ್ನೊಂದು ಸಲ ನೋಡಿದರು.

"ಏನೂ ಆಗಲ್ಲ. ನಾಳೆ ಬರೋ ದಾರೀಲಿ ಬರುತ್ತೆ. ಆದರೆ ಇನ್ನೊಂದು ಸಲ ಇಂಥದ್ದೆಲ್ಲ ತಿನ್ನಬೇಡಿ" ಎಂದರು.

ನನಗೆ ಹೋದ ಜೀವ ಬಂತು. ಗೌಡರ ಕಡೆ ತಿರುಗಿದೆ. ಮುಖದಲ್ಲಿ ಏನೋ ಆಶ್ಚರ್ಯ. ಮೆಲ್ಲಗೆ ಹೊಟ್ಟೆ ತಟ್ಟಿಕೊಂಡರು. ಕಾದರು. ಮತ್ತೆ ತಟ್ಟಿಕೊಂಡರು.

"ನಿಂಗರಾಜು... ತೇಗು ಬರ್ತಾ ಇಲ್ವಲ್ಲೋ!"

ಇದ್ದಿಲು ಅವರ ಹೊಟ್ಟೆಯ ಗ್ಯಾಸನ್ನೆಲ್ಲ ಹೀರಿಕೊಂಡಿತ್ತು. ಇದೇ ಸಮಯ ಅಂತ ನಾನು ಕೈ ಮುಗಿದೆ. "ಒಳ್ಳೇದಾಯ್ತು ಗೌಡ್ರೇ. ಈಗ ನೀವೇ ಹೇಳಿ. ನೀವು ಉಂಡಿದ್ದು ಒಂದೂವರೆ, ಅಲ್ಲಿ ಉಳಿದಿದ್ದು ಎಂಟೂವರೆ. ಪೆಟ್ರೋಲಿಗೆ ಒಟ್ಟು ಹತ್ತು. ಗ್ಯಾಸೇ ಕಮ್ಮಿ. ಸಮಿತೀಲಿ ಒಂದು ಮಾತು ಹೇಳಿಬಿಡಿ."

ಗೌಡರ ಮುಖ ಗಂಟಿಕ್ಕಿತು. "ಏನಂತ ಹೇಳ್ಲಿ? ಅಧ್ಯಕ್ಷರು ಒಂದೂವರೆ ಮುದ್ದೆ ಪೆಟ್ರೋಲ್ ಹೊಗೆ ಉಂಡವ್ರೆ ಅಂತ ಬುಕ್ಕಲ್ಲಿ ಬರೆಸ್ಲಾ? ನನ್ನ ಬೀಗರು ಓದಿದ್ರೆ? ಬೇಸಿನ್ನಲ್ಲಿ ಇರೋದು ಲೆಕ್ಕ. ಹೊಟ್ಟೇಲಿ ಇರೋದು ಲೆಕ್ಕ ಅಲ್ಲ. ಸಮ!"

ಎಷ್ಟು ಬೇಡಿಕೊಂಡರೂ ಜಗ್ಗಲಿಲ್ಲ. ಇನ್ನೊಂದು ಸಲ ಓಡಿಸೋಣ ಎಂದರೆ, ಪರೀಕ್ಷೆ ಒಂದೇ ಸಲ ಅಂದುಬಿಟ್ಟರು. ಮನೆಗೆ ಬಂದು ಕೂತೆ. ಜಯಶೀಲ ಬೈಯಲೂ ಇಲ್ಲ. ಅವಳು ಬೈಯದೆ ಇದ್ದರೆ ನನಗೆ ಇನ್ನೂ ಸಂಕಟ.

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಗೇಟು ಬಡಿದ ಸದ್ದು. ತೆಗೆದರೆ ಹಲಗೇಗೌಡರು! ಅವರ ಹಿಂದೆ ಹೊಟ್ಟೆ ಹಿಡಿದುಕೊಂಡ ಹದಿನೈದು ಜನ. ರಸ್ತೆಯ ತಿರುವಿನಿಂದ ಇನ್ನೂ ಬರುತ್ತಿದ್ದರು.

"ಚನ್ನಪ್ಪಾಜಿ, ಇಪ್ಪತ್ತು ವರ್ಷದಲ್ಲಿ ಮೊದಲನೇ ಸಲ ನೆಟ್ಟಗೆ ಮಲಗಿದ್ದೆ ಕಣಯ್ಯ! ಹೊಟ್ಟೆ ಹತ್ತಿಯಂಗಾಗದೆ! ಇವರೆಲ್ಲ ನನ್ನ ಸ್ನೇಹಿತರು, ಎಲ್ಲರಿಗೂ ಅದೇ ಕಾಯಿಲೆ. ತಲೆಗೆ ಒಂದೊಂದು ಮುದ್ದೆ ಕಟ್ಟು ಮತ್ತೆ."

"ಡಾಕ್ಟರಮ್ಮ ಬೇಡ ಅಂದಿದ್ದಾರಲ್ಲ ಗೌಡ್ರೇ!" ಎಂದೆ ನಾನು.

"ಅವರಿಗೆ ಗ್ಯಾಸ್ ಐತಾ? ನಂಗದೆ! ನಡಿ, ಗಾಡಿ ಶುರು ಮಾಡು!"

ಭಾವನಿಗೆ ಯಾರಾದರೂ ಅವರ ಮಿಷನ್ನು ಕೇಳಿದರೆ ಮುಗಿಯಿತು, ಲೋಕ ಮರೆತುಹೋಗುತ್ತದೆ. ಆಗಲೇ ಪೈಪು ಸಿಕ್ಕಿಸಿಬಿಟ್ಟಿದ್ದರು. ನನ್ನ ಪೆಟ್ರೋಲ್ ಟ್ಯಾಂಕು ನಿನ್ನೆಯ ಹತ್ತು ಸುತ್ತಿಗೆ ಖಾಲಿಯಾಗಿತ್ತು. ಗ್ಯಾಸಿನಲ್ಲೇ ಶುರು ಮಾಡಿದೆ. ನಿಂತಲ್ಲೇ ಎಂಜಿನ್ನು ಡುರ್ ಡುರ್ ಅನ್ನುತ್ತಿತ್ತು. ಹದಿನೈದು ಜನ ಅಂಗೈ ಚಾಚಿಕೊಂಡು ಬೇಸಿನ್ನಿನ ಸುತ್ತ ಕೂತರು. ಹತ್ತು ನಿಮಿಷವಾಯಿತು, ಕಾಲು ಗಂಟೆಯಾಯಿತು. ಒಂದು ನೆಲ್ಲಿಕಾಯಿಯಷ್ಟು ಬಿತ್ತು.

"ಇಷ್ಟೇನಾ?" ಎಂದ ಒಬ್ಬ.

"ಇದು ನನ್ನ ಹಲ್ಲಿಗೂ ಸಾಲಲ್ಲ!" ಎಂದ ಇನ್ನೊಬ್ಬ.

"ಬೇಗ ಬೇಗ ಬಿಡೋ!" ಎಂದು ಮೂರನೆಯವನು ಎಂಜಿನ್ನಿಗೇ ಹೇಳಿದ.

ಜಯಶೀಲ ಬಾಗಿಲಲ್ಲಿ ನಿಂತು ನೋಡಿದಳು. ಅವಳ ತಲೆ ನನ್ನ ತಲೆಗಿಂತ ಚುರುಕು, ಅದನ್ನು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಸೆರಗು ಸಿಕ್ಕಿಸಿಕೊಂಡು ಹಿಂದಿನ ಬೀದಿಗೆ ನಡೆದಳು. ವಿಮಲಾಕ್ಷಿ ಮೇಡಂ ಮನೆ ಅಲ್ಲೇ. ಐದು ನಿಮಿಷಕ್ಕೆ ಮೇಡಂ ತರಕಾರಿ ಚೀಲದ ಸಮೇತ ನಮ್ಮ ಹಿತ್ತಲಿನಲ್ಲಿದ್ದರು.

ಅಷ್ಟು ಹೊತ್ತಿಗೆ ಗೌಡರ ತಾಳ್ಮೆ ತೀರಿತ್ತು. ಎದ್ದು ನಿಂತು ಹದಿನೈದು ಜನರ ಮುಂದೆ ನನ್ನ ಆಟೋದ ಮಾನ ಹರಾಜು ಹಾಕಿದರು.

"ಥೂ, ದಂಡ ಕಣಯ್ಯ ನಿನ್ನ ಗಾಡಿ! ಎಷ್ಟು ಓಡಿದ್ರೂ ಹೊಗೇನೇ ಬರಲ್ವಲ್ಲ! ನಿನ್ನೆ ಪೆಟ್ರೋಲಲ್ಲಿ ಹತ್ತು ಬಿದ್ದಿತ್ತು, ಗ್ಯಾಸಲ್ಲಿ ಎಂಟೂವರೆ. ನಾನು ಉಂಡೋನು, ನಂಗೆ ಗೊತ್ತಿಲ್ವಾ? ಷಣ್ಮುಖನ ವ್ಯಾನ್ ಕರೀರಿ! ಅದು ಬುಡ್ತದೆ ನೋಡು ಹೊಗೆ, ಗಂಡುಮಗನ ಥರ!"

"ಅಧ್ಯಕ್ಷರೇ" ಎಂದರು ವಿಮಲಾಕ್ಷಿ ಮೇಡಂ ಹಿಂದಿನಿಂದ. "ಈಗ ಹೇಳಿದಿರಲ್ಲ, ಅದನ್ನ ಬರೆದು ಕೊಡ್ತೀರಾ?"

ಗೌಡರು ತಿರುಗಿ ನೋಡಿದರು. ಮೇಡಂ ತರಕಾರಿ ಚೀಲದಿಂದ ಕಾಗದ, ಪೆನ್ನು ತೆಗೆದರು. ಮೇಷ್ಟರುಗಳ ಹತ್ತಿರ ಕಾಗದ ಎಲ್ಲಿಂದ ಬರುತ್ತೋ ದೇವರೇ ಬಲ್ಲ.

"ನಾನು ಉಂಡಿದ್ದು ಬರೀಬಾರದು" ಎಂದರು ಗೌಡರು.

"ಬರೆಯೋದಿಲ್ಲ. ಗ್ಯಾಸ್ ಆಟೋ ಹೊಗೆ ಕಮ್ಮಿ ಅಂತಷ್ಟೇ. ವ್ಯಾನು ಮಕ್ಕಳಿಗೆ ಹೋದರೆ ನಿಮಗೆ ಮುದ್ದೆ ಎಲ್ಲಿಂದ ಸಿಗುತ್ತೆ ಹೇಳಿ?"

ಆ ಮಾತು ಗೌಡರ ನೆತ್ತಿಗೆ ಮುಟ್ಟಿತು. ವ್ಯಾನು ಬೆಳಿಗ್ಗೆ ಸಂಜೆ ಶಾಲೆಗೆ ಹೋದರೆ ಅವರ ಹೊಟ್ಟೆಯ ಗತಿ? ಪೆನ್ನು ಕಿತ್ತುಕೊಂಡು, ಆಟೋದ ಹಿಂದೆಯೇ ಕಾಗದವಿಟ್ಟು ಸಹಿ ಜಡಿದರು. ಸಮಿತಿಯ ಇನ್ನಿಬ್ಬರು ಸದಸ್ಯರೂ ಆ ಸಾಲಿನಲ್ಲೇ ಹೊಟ್ಟೆ ಹಿಡಿದು ಕೂತಿದ್ದರು, ಅವರೂ ಹಾಕಿದರು. ನನಗೆ ಕಣ್ಣು ತುಂಬಿ ಬಂತು. ಸುಳ್ಳು ಯಾಕೆ ಹೇಳಲಿ, ಅತ್ತೇಬಿಟ್ಟೆ!

ಷಣ್ಮುಖ ಬಂದ. ಅವನ ವ್ಯಾನಿನ ವಯಸ್ಸು ಯಾರೂ ಕೇಳಬಾರದು. ಭಾವ ನನ್ನ ಸೈಲೆನ್ಸರಿನಿಂದ ಪೈಪು ಬಿಚ್ಚಿ ಅವನದಕ್ಕೆ ಹಾಕಿದರು. "ಮೆತ್ತಗೆ ಆಕ್ಸಿಲರೇಟರ್ ಒತ್ತು" ಅಂದರು. ಷಣ್ಮುಖನಿಗೆ ಮೆತ್ತಗೆ ಅನ್ನುವುದೇ ಗೊತ್ತಿಲ್ಲ. ಬಲವಾಗಿ ಒತ್ತಿದ.

ಕುಕ್ಕರ್ ಮುಚ್ಚಳ ಒಂದು ವಿಷಲ್ ಹಾಕಿತು. ಎರಡು, ಮೂರು! ಮುದ್ದೆ ಕೆಳಗೆ ಬೀಳುವ ಬಾಯಿಗಿಂತ ದೊಡ್ಡದಾಗಿಬಿಟ್ಟಿತ್ತು. ಬೀಳಲು ಜಾಗವಿಲ್ಲದೆ ಮೇಲಕ್ಕೆ ಉಬ್ಬಿ, ಗ್ರೈಂಡರಿನಿಂದ ಆಚೆ ಬಂದು, ಗ್ರೈಂಡರಿನ ಸುತ್ತಲೂ ಸುತ್ತಿಕೊಂಡಿತು. "ಆಫ್ ಮಾಡೋ! ಆಫ್ ಮಾಡೋ!" ಎಂದು ಭಾವ ಕೂಗಿದರೆ, ವ್ಯಾನಿನ ಸದ್ದಿಗೆ ಷಣ್ಮುಖನಿಗೆ "ಜಾಸ್ತಿ ಮಾಡು" ಅಂತ ಕೇಳಿಸಿತಂತೆ! ಮುದ್ದೆ ಕೋಲು ಒಳಗೆ ಹೋಯಿತು, ಕುಕ್ಕರ್ ಮುಚ್ಚಳ ಒಳಗೆ ಹೋಯಿತು, ನೀಲಿ ಬೆಳಕು ಒಳಗೆ ಹೋಯಿತು. ಕಡೆಗೆ ಸದ್ದೆಲ್ಲ ನಿಂತಾಗ ನಮ್ಮ ಹಿತ್ತಲಿನಲ್ಲಿ ಆಳೆತ್ತರದ ಒಂದೇ ಒಂದು ಮುದ್ದೆ ಕೂತಿತ್ತು. ಮಿಷನ್ನು ಪೂರ್ತಿ ಅದರ ಹೊಟ್ಟೆಯೊಳಗೆ!

ಭಾವ ತಲೆಯ ಮೇಲೆ ಕೈ ಹೊತ್ತು ಕೂತರು. ಹದಿನೈದು ಜನ ಮುದ್ದೆಯ ಸುತ್ತ ನಿಂತು ಮುಖ ಮುಖ ನೋಡಿಕೊಂಡರು. ಗೌಡರು ಹತ್ತಿರ ಹೋಗಿ ಎರಡೂ ಕೈಯಲ್ಲಿ ಮುರಿಯಲು ನೋಡಿದರು. ಕಲ್ಲು!

"ಇದನ್ನ ಹೆಂಗ್ಲಾ ನುಂಗೋದು?"

"ಅಗಿದು ತಿನ್ನಿ ಅಧ್ಯಕ್ಷರೇ" ಎಂದು ಹೇಳಿ ವಿಮಲಾಕ್ಷಿ ಮೇಡಂ ಚೀಲ ಎತ್ತಿಕೊಂಡರು. ಹೋಗುವಾಗ ನನ್ನ ಕೈಗೆ ಕಾಗದ ಕೊಟ್ಟು, "ಎಂಟೂವರೆ ಅಂದ್ರೆ ಸೊನ್ನೆ ಅಲ್ಲ ನಿಂಗರಾಜು. ಹತ್ತಿರದ ಮಕ್ಕಳು ನಡ್ಕೊಂಡೇ ಬರಲಿ. ದೂರದ ಆರು ಜನಾನ ನೀನು ಕರ್ಕೊಂಡು ಬಾ" ಎಂದರು.

ಸೋಮವಾರ ಬೆಳಿಗ್ಗೆ ಆರು ಮಕ್ಕಳೂ ಹತ್ತಿದರು. ಕಾಗದಕ್ಕೆ ಪ್ಲಾಸ್ಟಿಕ್ ಕವರ್ ಹಾಕಿ ಮೀಟರಿನ ಮೇಲೆ ಅಂಟಿಸಿದ್ದೇನೆ. ಮಗ್ಗಿ ಹುಡುಗಿ ಗಟ್ಟಿಯಾಗಿ ಓದಿದಳು: "ಈ ಆಟೋ ಎಷ್ಟು ಹೊತ್ತು ಓಡಿಸಿದರೂ ಬೇಕಾದಷ್ಟು ಹೊಗೆ ಬರುವುದಿಲ್ಲವೆಂದು ಸಮಿತಿಯು ಬಹಳ ಬೇಸರದಿಂದ ಒಪ್ಪಿಕೊಂಡಿದೆ."

ಮಂಡ್ಯದಲ್ಲಿ ಯಾರ ಹೊಟ್ಟೆಯನ್ನೂ ತುಂಬಿಸದೆ ಒಳ್ಳೆ ಹೆಸರು ತೆಗೆದುಕೊಂಡದ್ದು ನನ್ನ ಗಾಡಿಯೊಂದೇ ಇರಬೇಕು.